ಒಂದು ತಿಂಗಳ ನಿಯಮ ಮತ್ತು 31ನೆಯ ದಿನ





ಶ್ರಾವಕನು ಕೈಗೊಳ್ಳುವ ತ್ಯಾಗವು ಎರಡು ಬಗೆಯದು. ಜೀವವಿರುವವರೆಗೆ ಬಿಡುವುದು ಯಮ. ಕಾಲದ ಮಿತಿಯನ್ನಿಟ್ಟುಕೊಂಡು ಬಿಡುವುದು ನಿಯಮ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣ ವ್ರತವನ್ನು ವಿವರಿಸುವಾಗ ಈ ಭೇದವನ್ನು ತಿಳಿಸಿ, ನಿಯಮದ ಅವಧಿಗಳನ್ನೂ ಎಣಿಸಿಕೊಟ್ಟಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಎರಡು ತಿಂಗಳ ಋತು, ಆರು ತಿಂಗಳ ಅಯನ, ಹೀಗೆ ಅವರವರ ಶಕ್ತಿಗೆ ತಕ್ಕ ಅಳತೆಗಳು ಅಲ್ಲಿವೆ. ಗೃಹಸ್ಥನ ಮನಸ್ಸನ್ನು ಆಚಾರ್ಯರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ. ಜನ್ಮಪೂರ್ತಿ ಎಂದೊಡನೆ ಹಿಂಜರಿಯುವವನು ಒಂದು ತಿಂಗಳೆಂದರೆ ಒಪ್ಪಿಯಾನು.

ಈಚೆಗೆ ನಮ್ಮ ಯುವಕ ಯುವತಿಯರಲ್ಲಿ ಮೂವತ್ತು ದಿನಗಳ ಪಂಥವೆಂಬುದೊಂದು ಬಳಕೆಗೆ ಬಂದಿದೆ. ಅವರು ಅದನ್ನು ಚಾಲೆಂಜ್ ಎನ್ನುತ್ತಾರೆ. ಮೂವತ್ತು ದಿನ ಸಕ್ಕರೆ ಮುಟ್ಟುವುದಿಲ್ಲ, ಮೂವತ್ತು ದಿನ ಬೆಳಗಿನ ಐದು ಗಂಟೆಗೆ ಏಳುತ್ತೇನೆ, ಮೂವತ್ತು ದಿನ ತಪ್ಪದೆ ನಡೆಯುತ್ತೇನೆ ಎಂದು ಗೆಳೆಯರ ಮುಂದೆ ಸಾರಿ ಆರಂಭಿಸುತ್ತಾರೆ. ಹಿರಿಯರು ಇದನ್ನು ಕಂಡು ನಗಬೇಕಾದುದಿಲ್ಲ. ಭೋಗಕ್ಕೆ ಒಂದು ಎಲ್ಲೆಯನ್ನು ಹಾಕಿಕೊಳ್ಳಬೇಕೆಂಬ ಆಸೆ ಹುಟ್ಟಿತೆಂಬುದೇ ಸಂತೋಷದ ಸಂಗತಿ. ಆದರೆ ಪಂಥಕ್ಕೂ ನಿಯಮಕ್ಕೂ ಒಂದು ಅಂತರವಿದೆ. ಅದನ್ನು ತಿಳಿಯದೆ ಹೋದರೆ ತಿಂಗಳು ಕಳೆದ ಮೇಲೆ ಕೈಯಲ್ಲಿ ಏನೂ ಉಳಿಯದು.

ಪಂಥವು 30ನೆಯ ದಿನ ಮುಗಿಯುತ್ತದೆ. ಗೆದ್ದೆನೆಂಬ ಉಬ್ಬಿನಲ್ಲಿ 31ನೆಯ ದಿನ ತಿಂಗಳ ಬಾಕಿಯನ್ನೆಲ್ಲ ತೀರಿಸಿಕೊಳ್ಳುವಂತೆ ಸಿಹಿಯ ಮೇಲೆ ಬೀಳುವವರನ್ನು ನಾವೆಲ್ಲರೂ ಕಂಡಿದ್ದೇವೆ. ಪರ್ವಗಳಲ್ಲಿಯೂ ಇದು ಉಂಟು. ದಶಲಕ್ಷಣದ ಹತ್ತು ದಿನ ಬಿಗಿಯಾಗಿದ್ದವರು ಅನಂತಚತುರ್ದಶಿ ಕಳೆದೊಡನೆ ರಾತ್ರಿಯ ತಿಂಡಿಗೆ ಮರಳುತ್ತಾರೆ. ಆ ಹತ್ತು ದಿನಗಳ ಪುಣ್ಯವನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ನಿಯಮವನ್ನು ಶ್ರಾವಕನಿಗೆ ಕೊಟ್ಟಿರುವುದು ಅಭ್ಯಾಸಕ್ಕಾಗಿ. ಭೋಗೋಪಭೋಗ ಪರಿಮಾಣವನ್ನು ಗುಣವ್ರತವೆಂದು ಎಣಿಸಿರುವುದೂ, ಸಾಮಾಯಿಕ ಮತ್ತು ಪ್ರೋಷಧೋಪವಾಸಗಳನ್ನು ಶಿಕ್ಷಾವ್ರತಗಳೆಂದು ಕರೆದಿರುವುದೂ ಇದೇ ಅರ್ಥದಲ್ಲಿ. ಅಣುವ್ರತಗಳಿಗೆ ಗುಣವನ್ನು ಹೆಚ್ಚಿಸುವುದು ಮೊದಲನೆಯದು; ಶಿಕ್ಷಣ ಕೊಡುವುದು ಎರಡನೆಯದು. ಶಾಲೆಯಲ್ಲಿ ಮಗುವಿನಿಂದ ಕಾಪಿ ಬರೆಸುವುದು ಪುಸ್ತಕ ತುಂಬಲೆಂದಲ್ಲ, ಪುಸ್ತಕ ಮುಗಿದ ಮೇಲೆ ಅಕ್ಷರ ದುಂಡಗಾಗಲೆಂದು.

ಹಾಗಾದರೆ ಅಭ್ಯಾಸವು ಒಂದು ತಿಂಗಳಲ್ಲಿ ಕೈಗೂಡುವುದೇ? ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಎಂಬ ಸಂಶೋಧಕಿಯೂ ಅವರ ಸಂಗಡಿಗರೂ ಈ ಪ್ರಶ್ನೆಯನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. 96 ಜನರು ತಿನ್ನುವುದು, ಕುಡಿಯುವುದು ಅಥವಾ ವ್ಯಾಯಾಮಕ್ಕೆ ಸಂಬಂಧಿಸಿದ ಒಂದು ಹೊಸ ರೂಢಿಯನ್ನು ಆರಿಸಿಕೊಂಡು, ಪ್ರತಿದಿನವೂ ಅದೇ ಸಂದರ್ಭದಲ್ಲಿ, ಉದಾಹರಣೆಗೆ ಬೆಳಗಿನ ಉಪಾಹಾರವಾದೊಡನೆ, 12 ವಾರಗಳ ಕಾಲ ಆಚರಿಸಿದರು. ಯೋಚಿಸದೆ ತಾನಾಗಿ ನಡೆಯುವಷ್ಟು ಆ ರೂಢಿ ನೆಲೆಗೊಳ್ಳಲು ಬೇಕಾದ ಕಾಲವನ್ನು ಲೆಕ್ಕ ಹಾಕಿದಾಗ ನಡುವಣ ಅಂಕಿ 66 ದಿನವೆಂದು ಬಂದಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನ ಬೇಕಾಗಬಹುದೆಂದು ಅಂದಾಜಾಯಿತು. ಆದುದರಿಂದ ಒಂದು ತಿಂಗಳೆಂಬುದು ಬಹುಮಂದಿಗೆ ಅರ್ಧ ದಾರಿ ಮಾತ್ರ. ನಮ್ಮ ಮುನಿಗಳ ವರ್ಷಾಯೋಗವು ಸುಮಾರು ನಾಲ್ಕು ತಿಂಗಳು ನಡೆಯುವುದನ್ನೂ, ಆ ಕಾಲದಲ್ಲಿ ಅವರ ಸನ್ನಿಧಿಯಲ್ಲಿ ಶ್ರಾವಕರು ಚಾತುರ್ಮಾಸ್ಯ ಮುಗಿಯುವವರೆಗೆಂದು ನಿಯಮ ಪಡೆಯುವ ಸಂಪ್ರದಾಯವನ್ನೂ ಇಲ್ಲಿ ನೆನೆಯಬಹುದು. ತಿಂಗಳ ನಿಯಮವನ್ನು ಮುಗಿಸಿದವನು ಅದನ್ನೇ ಮತ್ತೊಂದು ತಿಂಗಳಿಗೆ, ಬಳಿಕ ಚಾತುರ್ಮಾಸ್ಯದ ಅವಧಿಗೆ ಬೆಳೆಸಿದರೆ ಬಿಟ್ಟ ವಸ್ತುವಿನ ನೆನಪೇ ಕ್ರಮೇಣ ಮಾಸುತ್ತದೆ. ಆಗ ಯಮವು ಭಾರವೆನಿಸದು.

ನಿಯಮವು ಚಿಕ್ಕದಾಯಿತೆಂದು ಯಾರೂ ಸಂಕೋಚಪಡಬೇಕಾದುದಿಲ್ಲ. ಉತ್ತರಪುರಾಣದಲ್ಲಿ ಬರುವ ಖದಿರಸಾರನೆಂಬ ಬೇಡನ ಕಥೆಯನ್ನು ನಮ್ಮ ಮನೆಗಳ ಹಿರಿಯರು ಬಲ್ಲರು. ಸಮಾಧಿಗುಪ್ತ ಮುನಿಗಳ ಮುಂದೆ ಅವನು ಮಾಂಸವನ್ನು ಬಿಡಲಾರೆನೆಂದನು. ಕಾಗೆಯ ಮಾಂಸವನ್ನು ಎಂದಾದರೂ ತಿಂದಿರುವೆಯಾ ಎಂದು ಮುನಿಗಳು ಕೇಳಿದರು, ಇಲ್ಲವೆಂದನು. ಹಾಗಾದರೆ ಅದೊಂದನ್ನೇ ಬಿಡು ಎಂದರು. ಎಂದೂ ತಿನ್ನದುದನ್ನು ಬಿಡುವುದರಲ್ಲಿ ಕಷ್ಟವೇನು? ಸಂತೋಷದಿಂದ ಒಪ್ಪಿಕೊಂಡನು. ಕಾಲಾಂತರದಲ್ಲಿ ಅವನಿಗೆ ರೋಗ ಬಂದಿತು. ಕಾಗೆಯ ಮಾಂಸದಿಂದಲೇ ಗುಣವಾಗುವುದೆಂದು ವೈದ್ಯರು ಹೇಳಿದರು, ಬಂಧುಗಳು ಒತ್ತಾಯಿಸಿದರು. ಖದಿರಸಾರನು ಪ್ರಾಣ ಹೋದರೂ ಕೊಟ್ಟ ಮಾತನ್ನು ಮುರಿಯೆನೆಂದನು. ಕೊನೆಗೆ ಎಲ್ಲ ಬಗೆಯ ಮಾಂಸವನ್ನೂ ತೊರೆದು ಶ್ರಾವಕವ್ರತಗಳನ್ನು ಸ್ವೀಕರಿಸಿ ಸೌಧರ್ಮ ಕಲ್ಪದಲ್ಲಿ ದೇವನಾದನು. ಆ ಜೀವವೇ ಮುಂದೆ ಮಗಧದ ಶ್ರೇಣಿಕ ಮಹಾರಾಜನಾಗಿ ಭಗವಾನ್ ಮಹಾವೀರರ ಸಮವಸರಣದಲ್ಲಿ ಪ್ರಶ್ನೆ ಕೇಳಿತು.

ಈ ಕಥೆಯಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮುನಿಗಳು ಬೇಡನ ಶಕ್ತಿಯನ್ನು ಅಳೆದು ನಿಯಮವನ್ನು ಕೊಟ್ಟರು. ಮತ್ತು ಆ ನಿಯಮವು ಸ್ಪಷ್ಟವಾಗಿತ್ತು. ಇಂಥದೇ ವಸ್ತು ಎಂಬುದರಲ್ಲಿ ಸಂದೇಹವಿರಲಿಲ್ಲ. ನಾವು ನಿಯಮವನ್ನು ಹಿಡಿಯುವಾಗ ಇವೆರಡನ್ನೇ ಮರೆಯುತ್ತೇವೆ. ಆರೋಗ್ಯ ನೋಡಿಕೊಳ್ಳುತ್ತೇನೆ, ಇನ್ನು ಮುಂದೆ ಹಿತಮಿತವಾಗಿ ಉಣ್ಣುತ್ತೇನೆ ಎಂಬುದು ಒಳ್ಳೆಯ ಆಲೋಚನೆ, ಅದು ನಿಯಮವಲ್ಲ. ಯಾವುದನ್ನು, ಎಷ್ಟು, ಯಾವ ದಿನದಿಂದ ಯಾವ ದಿನದವರೆಗೆ ಎಂಬುದು ಖಚಿತವಾದಾಗ ಮಾತ್ರ ನಿಯಮ ಉಳಿಯಿತೋ ಮುರಿಯಿತೋ ತಿಳಿಯುತ್ತದೆ.

ಗೃಹಸ್ಥರಿಗೆ ಅನುಕೂಲವಾಗುವ ಕೆಲವು ಮಾಸನಿಯಮಗಳನ್ನು ಇಲ್ಲಿ ಸೂಚಿಸುತ್ತೇನೆ.

ಮೊದಲನೆಯದು ರಾತ್ರಿಭೋಜನ ತ್ಯಾಗ. ಸಂಜೆ ಆರು ಗಂಟೆಗೆ ಕಚೇರಿಯಿಂದ ಹೊರಡುವವರಿಗೆ ಇದು ಸುಲಭವಲ್ಲವೆಂಬುದನ್ನು ಬಲ್ಲೆ. ಶಾಸ್ತ್ರವು ಆಹಾರವನ್ನು ಅನ್ನ, ಪಾನ, ಖಾದ್ಯ, ಲೇಹ್ಯವೆಂದು ನಾಲ್ಕಾಗಿ ವಿಂಗಡಿಸಿದೆ. ನಾಲ್ಕನ್ನೂ ಒಮ್ಮೆಗೇ ಬಿಡಲಾಗದವರು ಮೊದಲ ತಿಂಗಳು ರಾತ್ರಿ ಅನ್ನವನ್ನು, ಎಂದರೆ ಧಾನ್ಯದ ಅಡುಗೆಯನ್ನು ಬಿಡಲಿ. ಮುಂದಿನ ತಿಂಗಳು ಕರಿದ ತಿಂಡಿ, ಸಿಹಿಗಳನ್ನು ಸೇರಿಸಲಿ. ಬುತ್ತಿಯಲ್ಲಿ ಸಂಜೆಯ ಆಹಾರವನ್ನೂ ಒಯ್ದು ಸೂರ್ಯಾಸ್ತಕ್ಕೆ ಮೊದಲೇ ಮುಗಿಸುವವರು ನಮ್ಮ ಸಮಾಜದಲ್ಲಿ ಅನೇಕರಿದ್ದಾರೆ.

ಎರಡನೆಯದು ಅವಮೌದರ್ಯ. ಆರು ಬಾಹ್ಯತಪಗಳಲ್ಲಿ ಅನಶನದ ನಂತರ ಇದರ ಸ್ಥಾನ. ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದೂ ಸ್ತ್ರೀಯ ಪೂರ್ಣಾಹಾರವನ್ನು 28 ತುತ್ತುಗಳೆಂದೂ ಎಣಿಸಿ, ಅದರಲ್ಲಿ ಒಂದೊಂದೇ ತುತ್ತನ್ನು ಕಡಿಮೆ ಮಾಡುವ ಕ್ರಮವನ್ನು ಶಾಸ್ತ್ರ ಹೇಳಿದೆ. ಇನ್ನೆರಡು ತುತ್ತಿಗೆ ಜಾಗವಿರುವಾಗ ಏಳುವುದೆಂಬ ನಿಯಮವನ್ನು ತಿಂಗಳು ಪಾಲಿಸಿದರೆ ದೇಹವೂ ಹಗುರ, ಸಾಮಾಯಿಕಕ್ಕೆ ಕುಳಿತಾಗ ತೂಕಡಿಕೆಯೂ ಕಡಿಮೆ.

ಮೂರನೆಯದು ರಸಪರಿತ್ಯಾಗ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರರಲ್ಲಿ ಒಂದನ್ನು ವಾರದ ಗೊತ್ತಾದ ದಿನಗಳಲ್ಲಿ ಬಿಡುವುದು. ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪನ್ನು ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳಗಳನ್ನು ತಿಂಗಳ ಮಟ್ಟಿಗೆ ಬಿಟ್ಟವನಿಗೆ ನಾಲಗೆ ಎಷ್ಟರ ದಾಸನಾಗಿತ್ತೆಂಬುದು ತಾನಾಗಿ ತಿಳಿಯುತ್ತದೆ.

ನಾಲ್ಕನೆಯದು ಸ್ವಾಧ್ಯಾಯ. ನಮ್ಮ ಆಮ್ನಾಯದ ತತ್ತ್ವಾರ್ಥಸೂತ್ರದಲ್ಲಿ 357 ಸೂತ್ರಗಳಿವೆ. ದಿನಕ್ಕೆ 12 ಸೂತ್ರಗಳನ್ನು ಅರ್ಥಸಹಿತ ಓದಿದರೆ 30 ದಿನಗಳಲ್ಲಿ ಹತ್ತೂ ಅಧ್ಯಾಯಗಳು ಮುಗಿಯುತ್ತವೆ. ದಶಲಕ್ಷಣದಲ್ಲಿ ದಿನಕ್ಕೊಂದು ಅಧ್ಯಾಯವನ್ನು ಕೇಳಿ ಬರುವವರು ಹೀಗೆ ಒಮ್ಮೆ ನಿಧಾನವಾಗಿ ಓದಿ ನೋಡಲಿ.

ಐದನೆಯದು ಮೊಬೈಲ್ ಫೋನು. ಒಮ್ಮೆ ಅನುಭವಿಸಿ ಮುಗಿಯುವುದು ಭೋಗ. ಮತ್ತೆ ಮತ್ತೆ ಅನುಭವಿಸಬಹುದಾದುದು ಉಪಭೋಗ. ಆಚಾರ್ಯರು ವಾಹನ, ಹಾಸಿಗೆ, ಸಂಗೀತಾದಿಗಳಿಗೂ ಮಿತಿಯನ್ನು ಹೇಳಿದ್ದಾರೆ. ಮತ್ತೆ ಮತ್ತೆ ಕೈಗೆ ಬರುವ ಈ ಯಂತ್ರವನ್ನು ಆ ಪಟ್ಟಿಗೆ ಸೇರಿಸದೆ ನಿರ್ವಾಹವಿಲ್ಲ. ಸಂಜೆಯ ಆರತಿಯಿಂದ ಮರುದಿನದ ಜಿನದರ್ಶನದವರೆಗೆ, ತುರ್ತು ಕರೆಯ ಹೊರತು, ಅದನ್ನು ಮುಟ್ಟೆನೆಂಬುದು ಈ ಕಾಲಕ್ಕೆ ದೊಡ್ಡ ನಿಯಮವೇ ಸರಿ.

ಇವುಗಳಲ್ಲಿ ಒಂದನ್ನೇ ಆರಿಸಿಕೊಳ್ಳಿರಿ. ಈಗಾಗಲೇ ದಿನವೂ ತಪ್ಪದೆ ಮಾಡುವ ಕಾರ್ಯದೊಡನೆ ಅದನ್ನು ಗಂಟು ಹಾಕಿರಿ. ಬಸದಿಗೆ ಹೋಗಿ ಬಾರದೆ ಬಾಯಿಗೆ ನೀರು ಹಾಕದ ಹಿರಿಯರಿಗೆ ದರ್ಶನವನ್ನು ಯಾರೂ ನೆನಪಿಸಬೇಕಾಗಿರಲಿಲ್ಲ, ಹಸಿವೆಯೇ ಕರೆದೊಯ್ಯುತ್ತಿತ್ತು. ಗುರುಗಳ ಸನ್ನಿಧಿಯಲ್ಲಿ, ಅವರಿಲ್ಲದಿದ್ದರೆ ಜಿನಬಿಂಬದ ಮುಂದೆ, ಪಂಚನಮಸ್ಕಾರವನ್ನು ಒಂಬತ್ತು ಬಾರಿ ಜಪಿಸಿ ನಿಯಮವನ್ನು ಸ್ವೀಕರಿಸಿರಿ.

ಇನ್ನು ನಿಯಮದ ನಡುವೆ ಜಾರುವ ವಿಚಾರ. ಬಹಳ ನಿಯಮಗಳು ನಾಶವಾಗುವುದು ಇಲ್ಲಿಯೇ. ಅಮಿತಗತಿ ಆಚಾರ್ಯರು ವ್ರತದೋಷವನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಾಲ್ಕು ಹಂತಗಳಾಗಿ ಹೇಳಿದ್ದಾರೆ. ರಾತ್ರಿಭೋಜನವನ್ನು ಬಿಟ್ಟವನೊಬ್ಬನು ಮದುವೆಮನೆಗೆ ಹೋಗಿದ್ದಾನೆಂದು ಇಟ್ಟುಕೊಳ್ಳಿರಿ. ಕತ್ತಲಾದ ಮೇಲೆ ಹೋಳಿಗೆಯ ಪರಿಮಳಕ್ಕೆ ಮನಸ್ಸಿನ ನೈರ್ಮಲ್ಯ ಕದಡಿದರೆ ಅತಿಕ್ರಮ. ಎದ್ದು ಪಂಕ್ತಿಯ ಬಳಿಗೆ ಹೋದರೆ ವ್ಯತಿಕ್ರಮ. ಒಂದು ಚೂರನ್ನು ಬಾಯಿಗೆ ಹಾಕಿಕೊಂಡರೆ ಅತಿಚಾರ. ಹೇಗೂ ಕೆಟ್ಟಿತಲ್ಲ, ಇನ್ನು ನಿಯಮವೇಕೆಂದು ಕುಳಿತು ಉಂಡರೆ ಅನಾಚಾರ. ಮೂರನೆಯ ಹಂತಕ್ಕೂ ನಾಲ್ಕನೆಯದಕ್ಕೂ ನಡುವೆ ಇರುವುದು ಆ ಒಂದು ಮಾತು: ಹೇಗೂ ಕೆಟ್ಟಿತಲ್ಲ. ಒಂದು ಚೂರಿಗಿಂತ ಹೆಚ್ಚಿನ ಹಾನಿಯನ್ನು ಈ ಮಾತು ಮಾಡುತ್ತದೆ.

ಅತಿಚಾರವಾದವನಿಗೆ ಆಲೋಚನೆ, ಪ್ರತಿಕ್ರಮಣ, ಪ್ರಾಯಶ್ಚಿತ್ತಗಳೆಂಬ ದಾರಿಗಳು ತೆರೆದಿವೆ. ಅಂದೇ ದೋಷವನ್ನು ಒಪ್ಪಿಕೊಂಡು, ಗುರುಗಳಿದ್ದರೆ ಅವರಲ್ಲಿ ನಿವೇದಿಸಿ, ಮರುದಿನದಿಂದ ನಿಯಮವನ್ನು ಮುಂದುವರಿಸತಕ್ಕದ್ದು. ಮೇಲೆ ಹೇಳಿದ ಲಂಡನ್ನಿನ ಪರೀಕ್ಷೆಯಲ್ಲಿಯೂ ಒಂದು ದಿನ ತಪ್ಪಿದ ಮಾತ್ರಕ್ಕೆ ಅಭ್ಯಾಸದ ಬೆಳವಣಿಗೆಗೆ ಗಣನೀಯ ಅಡ್ಡಿಯಾಗಲಿಲ್ಲವೆಂದು ಕಂಡುಬಂದಿತು. ತಪ್ಪಿದರೂ ಆಯಿತೆಂಬ ಸಡಿಲಿಕೆಗೆ ಇದನ್ನು ಆಧಾರ ಮಾಡಿಕೊಳ್ಳಬಾರದು. ಆದರೆ ತಪ್ಪಿದವನು ಮರಳಿ ಬರಲು ಇದು ಧೈರ್ಯವನ್ನು ಕೊಡಲಿ. ಹಿಡಿದ ನಿಯಮಗಳನ್ನೆಲ್ಲ ನಡುವೆ ಕೈಬಿಡುತ್ತ ಹೋದವನು ಕೊನೆಗೆ ತನ್ನ ಮಾತನ್ನು ತಾನೇ ನಂಬದವನಾಗುತ್ತಾನೆ. ಅಂಥವನಿಗೆ ವ್ರತವನ್ನು ಕೊಡುವುದು ಗುರುಗಳಿಗೂ ಕಷ್ಟ.

ಮತ್ತೆರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ ಮತ್ತು ತಪಗಳಿಗೆ ಶಕ್ತಿಗೆ ತಕ್ಕಂತೆ ಎಂಬ ವಿಶೇಷಣವಿದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಊಟವನ್ನು ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅಂಥವರೂ, ಗರ್ಭಿಣಿಯರೂ, ಹಾಲುಣಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಉಪವಾಸದ ನಿಯಮಕ್ಕೆ ಕೈಹಾಕಬಾರದು. ಅವರಿಗೆ ಸ್ವಾಧ್ಯಾಯವಿದೆ, ಜಪವಿದೆ, ಮೌನವಿದೆ. ಇವು ಕೆಳಗಿನ ದರ್ಜೆಯವಲ್ಲ.

ಎರಡನೆಯದು ಮನೆಯ ಮಾತು. ಮಾವನವರು ಸಂಜೆಯ ಊಟವನ್ನು ಐದೂವರೆಗೇ ಮುಗಿಸುವ ನಿಯಮ ಹಿಡಿದರೆ, ಸೊಸೆಯು ಐದಕ್ಕೊಮ್ಮೆ, ಮಕ್ಕಳು ಬಂದ ಮೇಲೆ ಇನ್ನೊಮ್ಮೆ ಒಲೆ ಹಚ್ಚಬೇಕಾಗುತ್ತದೆ. ನಿಯಮ ಒಬ್ಬರದು, ಶ್ರಮ ಇನ್ನೊಬ್ಬರದು. ಆ ತಾಯಿ ಬಾಯಿಬಿಟ್ಟು ಹೇಳಲಾರಳು. ಆದುದರಿಂದ ನಿಯಮವನ್ನು ತೆಗೆದುಕೊಳ್ಳುವ ಮೊದಲು ಅಡುಗೆಮನೆಯಲ್ಲಿ ಒಂದು ಮಾತು ಕೇಳಿರಿ. ಮಧ್ಯಾಹ್ನದ ರೊಟ್ಟಿಯೋ ಅವಲಕ್ಕಿ ಮೊಸರೋ ಸಾಕೆಂದು ತಾವೇ ಬಡಿಸಿಕೊಂಡರೆ ನಿಯಮವೂ ಉಳಿಯಿತು, ಮನೆಯ ಶಾಂತಿಯೂ ಉಳಿಯಿತು. ಮಕ್ಕಳಿಗೂ ನಿಯಮವನ್ನು ಹೇರಬೇಡಿರಿ. ಅವರು ತಾವಾಗಿ ಕೇಳಿದಾಗ ಚಿಕ್ಕದನ್ನು ಕೊಟ್ಟು, ಅದನ್ನು ಪೂರ್ಣವಾಗಿ ನಡೆಸಲು ನೆರವಾಗಿರಿ.

ಶಲ್ಯವಿಲ್ಲದವನೇ ವ್ರತಿಯೆಂಬುದು ಉಮಾಸ್ವಾಮಿಗಳ ಅಭಿಪ್ರಾಯ. ತೋರಿಕೆಗಾಗಿ ಹಿಡಿದ ನಿಯಮದಲ್ಲಿ ಮಾಯಾಶಲ್ಯವಿದೆ. ಇಂಥ ಫಲ ಸಿಗಲೆಂದು ಹಿಡಿದುದರಲ್ಲಿ ನಿದಾನಶಲ್ಯವಿದೆ. ತೂಕ ಇಳಿಯಲೆಂದೇ ಊಟ ಬಿಟ್ಟವನಿಗೆ ತೂಕ ಇಳಿದೀತು. ಆಸೆ ಇಳಿಯುವುದೆಂದು ಹೇಳಲಾಗದು. ಆಸೆ ಇಳಿಯಲೆಂದು ಬಿಟ್ಟವನಿಗೆ ಆರೋಗ್ಯವು ಜೊತೆಯಲ್ಲಿ ಬಂದೀತು.

ಬರುವ ಪಾಡ್ಯದಿಂದ ಒಂದು ಮಾಸಕ್ಕೆ ಒಂದು ನಿಯಮವನ್ನು ಹಿಡಿಯಿರಿ. ದಿನಾಂಕವನ್ನು ಪಂಚಾಂಗದಲ್ಲಿ ಗುರುತು ಮಾಡಿಕೊಳ್ಳಿರಿ. ಊರಿಗೆಲ್ಲ ಹೇಳಬೇಕಾದುದಿಲ್ಲ, ಮನೆಯವರಿಗೆ ತಿಳಿದಿದ್ದರೆ ಸಾಕು. ಮಾಸ ಮುಗಿದ ಮರುದಿನ ಬೆಳಿಗ್ಗೆ ಬಸದಿಯಲ್ಲಿ ಕೈಮುಗಿದು ನಿಂತು, ಬಿಟ್ಟ ವಸ್ತುವನ್ನು ಮನಸ್ಸು ಇನ್ನೂ ಕೇಳುತ್ತಿದೆಯೇ ಎಂದು ವಿಚಾರಿಸಿಕೊಳ್ಳಿರಿ. ಕೇಳುತ್ತಿದ್ದರೆ ಇನ್ನೊಂದು ಮಾಸ ಮುಂದುವರಿಸಿರಿ. ಕೇಳದಿದ್ದರೆ ಅದನ್ನು ಯಾವಜ್ಜೀವಕ್ಕೆ ಗುರುಸಾಕ್ಷಿಯಾಗಿ ಬಿಟ್ಟು, ಮುಂದಿನ ಮಾಸಕ್ಕೆ ಇನ್ನೊಂದು ಚಿಕ್ಕ ನಿಯಮವನ್ನು ಕೈಗೆತ್ತಿಕೊಳ್ಳಿರಿ.

ಜಯ ಜಿನೇಂದ್ರ.