ಬದುವಿನ ಮರ, ನೆರೆಯ ಹೊಲದ ಬೇರು

ಎರಡು ಹೊಲಗಳ ನಡುವಣ ಬದುವಿನಲ್ಲಿ ಬೆಳೆದ ಒಂದು ಹುಣಸೆಯ ಮರವು ಎರಡು ಮನೆತನಗಳನ್ನು ತಲೆಮಾರುಗಟ್ಟಲೆ ಅಗಲಿಸಬಲ್ಲದು. ನೆರಳು ಬಿದ್ದಲ್ಲಿ ಜೋಳ ಏಳದು. ಬೇರು ಹರಿದಲ್ಲಿ ತೇವ ನಿಲ್ಲದು. ಊರೊಳಗಾದರೋ ಅಂಥದೇ ಬೇರು ನೆರೆಯವನ ಗೋಡೆಯ ಪಾಯಕ್ಕೆ ಬರುತ್ತದೆ. ಹಣ್ಣು ಒಬ್ಬನಿಗೆ, ಹಾನಿ ಮತ್ತೊಬ್ಬನಿಗೆ ಎಂಬಂತಾದಾಗ ಏಳುವ ವ್ಯಾಜ್ಯವು ಕಚೇರಿಯ ವಿಷಯವಷ್ಟೇ ಅಲ್ಲ, ಧರ್ಮದ ವಿಷಯವೂ ಅಹುದು.

ಸೀಮಾವಿವಾದವು ಬಹು ಪ್ರಾಚೀನವಾದುದು. ಯಾಜ್ಞವಲ್ಕ್ಯಸ್ಮೃತಿಯಲ್ಲಿ ಅದಕ್ಕೊಂದು ಪ್ರಕರಣವೇ ಉಂಟು. ಆ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ನಮ್ಮ ಕಲ್ಯಾಣದಲ್ಲಿಯೇ ಇದ್ದವನು. ಮನುಸ್ಮೃತಿಯು ಗಡಿಯಲ್ಲಿ ಆಲ, ಅರಳಿ, ಮುತ್ತುಗಗಳನ್ನು ನೆಡಬೇಕೆಂದೂ, ಸಾಲದೆಂಬಂತೆ ಮೂಳೆ, ಹೊಟ್ಟು, ಬೂದಿ, ಇದ್ದಿಲುಗಳನ್ನು ನೆಲದೊಳಗೆ ಗುಟ್ಟಾಗಿ ಹೂಳಬೇಕೆಂದೂ ವಿಧಿಸುತ್ತದೆ. ಇಂಥ ಗುರುತುಗಳಿಗೆ ಅಲ್ಲಿ ‘ಸೀಮಾಲಿಂಗ’ವೆಂದು ಹೆಸರು! (ಶರಣರು ಸ್ಮೃತಿಗಳನ್ನು ಪ್ರಮಾಣವೆಂದು ಒಪ್ಪಿದವರಲ್ಲ, ಲೋಕವ್ಯವಹಾರದ ಸಾಕ್ಷಿಯಾಗಿ ಮಾತ್ರ ಇದನ್ನು ಹೇಳಿದೆ.) ವ್ಯಾಜ್ಯವನ್ನು ತಡೆಯಲೆಂದು ನೆಟ್ಟ ಮರವೇ ಇಂದು ವ್ಯಾಜ್ಯಕ್ಕೆ ಮೂಲವಾಗಿರುವುದು ವಿಚಿತ್ರವಾಗಿದೆ.

ಗಡಿಯ ಸಂಶಯಕ್ಕೆ ಈಗ ಹದ್ದುಬಸ್ತು ಇದೆ. ಮೋಜಣಿದಾರರು ಬಂದು ಅಳೆದು ಕಲ್ಲು ತೋರಿಸುತ್ತಾರೆ. ಆದರೆ ಕಲ್ಲಿನ ಆಜ್ಞೆಯನ್ನು ಬೇರು ಕೇಳದು. ಸ್ಥಾವರವೆಂದು ನಾವು ಕರೆಯುವ ಮರವು ನೆಲದೊಳಗೆ ಜಂಗಮವೇ ಆಗಿದೆ. ನೆರೆಯ ಮರದ ಕೊಂಬೆ ತನ್ನ ನೆಲದ ಮೇಲೆ ಚಾಚಿದರೆ ಅಷ್ಟನ್ನು ಮುನ್ಸೂಚನೆಯಿಲ್ಲದೆಯೇ ಕತ್ತರಿಸಬಹುದೆಂದು ಇಂಗ್ಲೆಂಡಿನ ಪ್ರಭುಸಭೆಯು 1894ರಲ್ಲಿ ತೀರ್ಮಾನಿಸಿತು. ಹಕ್ಕೇನೋ ಸ್ಪಷ್ಟವಾಯಿತು. ಆದರೆ ಬುಡದ ಸಮೀಪದ ಹೆಬ್ಬೇರನ್ನು ಕಡಿದರೆ ಮರವೇ ಒರಗಬಹುದು. ಅದು ಯಾರ ಮನೆಯ ಮೇಲೆ ಬೀಳುವುದೋ ಬಲ್ಲವರಾರು? ಇತ್ತ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಮೇರೆಗೆ ಅನೇಕ ಜಾತಿಯ ಮರಗಳನ್ನು ಒಡೆಯನೂ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಇಂಥ ಪ್ರಸಂಗದಲ್ಲಿ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತೆಂದರೆ, “ಹೋಗಲಿ, ನೆರೆಯವನು, ಸೈರಿಸಿಕೋ” ಎಂಬುದು. ಈ ಉಪದೇಶವು ಯಾವಾಗಲೂ ನಷ್ಟಪಟ್ಟವನಿಗೇ ಏಕೆ ಸಲ್ಲಬೇಕು? ಎರಡೆಕರೆಯ ಬಡವನ ಹೊಲದಲ್ಲಿ ಹತ್ತು ಸಾಲು ಬೆಳೆ ಹೋಗುತ್ತಿರುವಾಗ ಅವನಿಗೆ ಕ್ಷಮೆಯನ್ನು ಬೋಧಿಸುವುದು ಬೋಧಿಸುವವನಿಗೆ ಸುಲಭ. ಮರದ ಒಡೆಯನು ಹಣ್ಣು ಬಡಿಯುವಾಗ “ನನ್ನ ಮರ” ಎನ್ನುತ್ತಾನೆ. ಗೋಡೆ ಬಿರಿದಾಗ “ಮರ ತಾನಾಗಿ ಬೆಳೆಯಿತು, ನಾನೇನು ಮಾಡಲಿ” ಎನ್ನುತ್ತಾನೆ. ಲಾಭಕ್ಕೆ ಕರ್ತೃವಾದವನು ಹಾನಿಗೆ ಮಾತ್ರ ಸಾಕ್ಷಿಯಾಗಲಾರನು. ಪರಧನವನ್ನು ಮುಟ್ಟೆನೆಂಬ ಭಕ್ತನು ನೆಲದಡಿಯಲ್ಲಿ ಮುಟ್ಟುತ್ತಿರುವುದನ್ನೂ ಗಣಿಸಬೇಕಾಗುತ್ತದೆ. ನೆರೆಯವನು ದೂರು ತರುವುದಕ್ಕೆ ಮುಂಚೆ ತಾನಾಗಿ ಹೋಗಿ ವಿಚಾರಿಸುವುದು ಅವನ ಕರ್ತವ್ಯವೆಂದು ನಮ್ಮ ಅಭಿಪ್ರಾಯ. ಹಾಗೆ ವಿಚಾರಿಸಿದ ಮೇಲೂ ನೆರೆಯವನು ಹಟದಿಂದ ಕೊಡಲಿಯನ್ನೇ ಹಿಡಿದರೆ ಆಗ ಸೈರಣೆಯ ಮಾತನ್ನು ಅವನಿಗೆ ಹೇಳಬಹುದು.

ಬೇರನ್ನು ತಡೆಯಲು ಬದುವಿನ ಬದಿಗೆ ಕಂದಕ ತೋಡುವ ರೂಢಿ ನಮ್ಮ ರೈತರಲ್ಲಿದೆ. ಬುಡದಿಂದ ಸಾಕಷ್ಟು ದೂರದಲ್ಲಿ ತೋಡಿದರೆ ಮರಕ್ಕೂ ಅಪಾಯವಿಲ್ಲ. ಸಾಮಾನ್ಯವಾಗಿ ಅದನ್ನು ತೋಡುವವನು ನಷ್ಟಪಟ್ಟವನೇ. ಮರವು ಗಡಿಯಿಂದ ಒಳಗಿದ್ದಲ್ಲಿ ಆ ಕಂದಕವನ್ನು ಮರದ ಒಡೆಯನೇ ತನ್ನ ಖರ್ಚಿನಿಂದ, ತನ್ನ ಹೊಲದ ಮಗ್ಗುಲಿಗೆ ತೋಡಿಸತಕ್ಕದ್ದು. ಅದರಿಂದ ಒಂದೆರಡು ಸಾಲು ಬೆಳೆ ಹೋದರೆ ಅವನದೇ ಹೋಗಲಿ, ಹುಣಸೆಹಣ್ಣು ಅವನದಲ್ಲವೇ?