ಪ್ಯಾಲಡಿನ್ನನ ಮಾಲೆ

ಕಳಸದಲ್ಲಿ ಜೋರು ಮಳೆ, ಕರೆಂಟಿಲ್ಲ. ಕ್ಯಾಂಡಲ್ ಹಚ್ಚಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡ್ತಿದ್ವಿ. ನನ್ನದು ಪ್ಯಾಲಡಿನ್, ಅಂದ್ರೆ ವ್ರತ ತೊಟ್ಟ ಯೋಧ. ಓಡಿಬಂದ ಹುಡುಗನೊಬ್ಬನನ್ನು ಉಳಿಸೋಕೆ ರಾಜಭಟರಿಗೆ ಸುಳ್ಳು ಹೇಳಿದೆ. ಆಟ ನಡೆಸುತ್ತಿದ್ದ ಗೆಳೆಯ ನನ್ನ ಶಕ್ತಿಯನ್ನೆಲ್ಲ ಕಿತ್ತುಕೊಂಡ!

ಅವನು ಹಿಡಿದಿದ್ದು 1978ರ ರೂಲ್‌ಬುಕ್. ಅದರಲ್ಲಿ ಗೊತ್ತಿದ್ದೂ ಕೇಡು ಮಾಡಿದ ಪ್ಯಾಲಡಿನ್‌ಗೆ ಕ್ಷಮೆಯೇ ಇಲ್ಲ. ಬರೀ ಕಟ್ಟಳೆ ಮುರಿದಿದ್ದರೆ ಏಳನೇ ಅಥವಾ ಅದಕ್ಕೂ ಮೇಲಿನ ಲೆವೆಲ್‌ನ ಕ್ಲೆರಿಕ್, ಅಂದರೆ ಪುರೋಹಿತನ ಮುಂದೆ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಬೇಕು. ‘ಒಳ್ಳೇದು ಮಾಡಿದ್ದಕ್ಕೆ ಪ್ರಾಯಶ್ಚಿತ್ತ ಯಾಕೋ? 2014ರ ಪುಸ್ತಕದಲ್ಲಿ ಇಷ್ಟು ಬಿಗಿ ಇಲ್ಲ, ಅದನ್ನೇ ಹಿಡಿಯೋಣ’ ಅಂತ ಜಗಳ ತೆಗೆದೆ.

ರಾತ್ರಿ ಚಿಕ್ಕಪ್ಪ ನೆನಪಾದರು. ಒಂದು ವರ್ಷ ಅವರ ಅಯ್ಯಪ್ಪ ವ್ರತದ 41 ದಿನಗಳಲ್ಲಿ 30 ಕಳೆದಿದ್ದವು. ತೋಟದ ಲೈನಿನಲ್ಲಿ ಮುದುಕರೊಬ್ಬರು ತೀರಿಕೊಂಡರು, ಹೊರೋಕೆ ಜನ ಸಾಲದು. ಮಾಲೆ ಹಾಕಿದವರು ಸಾವಿನ ಮನೆಗೆ ಹೋಗುವಂತಿಲ್ಲ. ‘ಅಯ್ಯಪ್ಪ ಏನೂ ಅಂದ್ಕೊಳಲ್ಲ, ಮಾಲೇಲೇ ಬನ್ನಿ’ ಅಂದರು ಯಾರೋ. ಚಿಕ್ಕಪ್ಪ ಒಪ್ಪಲಿಲ್ಲ. ಗುರುಸ್ವಾಮಿಗೆ ಹೇಳಿ ಮಾಲೆ ತೆಗೆದು ಚಟ್ಟಕ್ಕೆ ಹೆಗಲು ಕೊಟ್ಟರು. ಆ ವರ್ಷ ಶಬರಿಮಲೆಗೆ ಹೋಗಲಿಲ್ಲ.

ನಾನೋ, ಹುಡುಗನೂ ಉಳೀಬೇಕು, ಶಕ್ತಿಯೂ ಉಳೀಬೇಕು ಅಂತ ಹಟ ಹಿಡಿದಿದ್ದೆ.

ಮಾರನೇ ಸಂಜೆ ನನ್ನ ಪ್ಯಾಲಡಿನ್ ಕ್ಲೆರಿಕ್ ಮುಂದೆ ಮಂಡಿಯೂರಿದ. ಸುಳ್ಳು ಹೇಳಿದ್ದು ಹೌದು ಅಂದ. ಅಂಥದೇ ಹುಡುಗ ಬಂದರೆ ಮತ್ತೆ ಹೇಳ್ತೀನಿ ಅಂತಲೂ ಅಂದ.