ವಾಸನೆ ಯಾರದು?

ಹಂಪನಕಟ್ಟೆಯ ಕ್ಲಿನಿಕ್ಕಿನಲ್ಲಾಗಲಿ, ನಮ್ಮ ನಿಮ್ಮ ಮನೆಯ ಚಾವಡಿಯಲ್ಲಾಗಲಿ, ಅಕ್ವೇರಿಯಂನಿಂದ ಕೆಟ್ಟ ವಾಸನೆ ಬಂದರೆ ಎಲ್ಲರ ಬಾಯಿಯಿಂದ ಬರುವ ಮಾತು ಒಂದೇ: "ಮೀನು ನಾರುತ್ತಿದೆ." ಆದರೆ ಆರೋಗ್ಯವಾಗಿ ಈಜುತ್ತಿರುವ ಮೀನು ಹಾಗೆ ನಾರುವುದಿಲ್ಲ. ನಾರುವುದು ನೀರು. ಆ ನೀರಿಗೆ ಎಷ್ಟು ಮೀನು ಬಿಡಬೇಕು, ಎಷ್ಟು ಆಹಾರ ಹಾಕಬೇಕು, ಯಾವಾಗ ನೀರು ಬದಲಿಸಬೇಕು ಎಂದು ತೀರ್ಮಾನಿಸಿದ್ದು ಮೀನಲ್ಲ, ಮನೆಯ ಯಜಮಾನ. ಆದರೂ ಆರೋಪ ಮಾತ್ರ ಮೀನಿನ ಮೇಲೆ.

ಒಳ್ಳೆಯ ತೊಟ್ಟಿಗೂ ಒಂದು ವಾಸನೆ ಇದೆ. ಮುಚ್ಚಳ ತೆರೆದರೆ ಮೊದಲ ಮಳೆಗೆ ನೆನೆದ ಮಣ್ಣಿನಂಥ ತೆಳು ವಾಸನೆ. ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಅದಕ್ಕೆ ಕಾರಣ. ಕೊಳೆತ ಮೊಟ್ಟೆಯ ವಾಸನೆ ಬಂದರೆ, ತಳದ ಮರಳಿನಲ್ಲಿ ಆಮ್ಲಜನಕ ತಲುಪದ ಕಡೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತಿದೆ ಎಂದು ತಿಳಿಯಬೇಕು. ಹಳಸಿದ ವಾಸನೆ ಬಂದರೆ, ಮಿಕ್ಕಿದ ಆಹಾರವೋ ಗಿಡದ ಮರೆಯಲ್ಲಿ ಸತ್ತ ಮೀನೋ ಕೊಳೆಯುತ್ತಿದೆ. ಅಮೋನಿಯಾದ ಘಾಟು ಮೂಗಿಗೆ ಬಡಿದರಂತೂ ತೀರಾ ತಡವಾಗಿದೆ. ಮೀನು ಕಿವಿರಿನಿಂದ ಹೊರಬಿಡುವ ಅಮೋನಿಯಾವನ್ನು ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಅವು ಸತ್ತರೆ ಅಮೋನಿಯಾ ಹಾಗೆಯೇ ಉಳಿಯುತ್ತದೆ. ಒಂದು ಲೀಟರಿಗೆ ಒಂದು ಮಿಲಿಗ್ರಾಮಿಗಿಂತ ಎಷ್ಟೋ ಕಡಿಮೆ ಇದ್ದರೂ ಅದು ಮೀನಿನ ಕಿವಿರನ್ನು ಸುಡಬಲ್ಲದು. ಆ ಹೊತ್ತಿಗೆ ನಮ್ಮ ಮೂಗಿಗೆ ಏನೂ ತಿಳಿದಿರುವುದಿಲ್ಲ. ಆದ್ದರಿಂದ ವಾಸನೆ ಬಂತೆಂದರೆ ಏನೋ ಕೆಟ್ಟಿದೆ ಎಂದರ್ಥ. ಬರಲಿಲ್ಲವೆಂದರೆ ಎಲ್ಲವೂ ಸರಿಯಿದೆ ಎಂದು ಅರ್ಥವಲ್ಲ.

ಮೂಗಿಗೆ ಇನ್ನೊಂದು ಗುಣವಿದೆ. ಯಾವ ವಾಸನೆಗೂ ಅದು ಕೆಲವೇ ನಿಮಿಷಗಳಲ್ಲಿ ಒಗ್ಗಿಕೊಳ್ಳುತ್ತದೆ. ಹಾಗಾಗಿ ತೊಟ್ಟಿ ಕೆಟ್ಟಿದೆಯೆಂದು ಮೊದಲು ಗೊತ್ತಾಗುವುದು ಮನೆಯವರಿಗಲ್ಲ, ಹೊರಗಿನಿಂದ ಬಂದ ನೆಂಟರಿಗೆ. ಅವರು ಮುಖ ಕಿವುಚಿದರೆ ನಮಗೆ ಸಿಟ್ಟು. ಊದುಬತ್ತಿ ಹಚ್ಚುತ್ತೇವೆ, ಸುಗಂಧ ಸಿಂಪಡಿಸುತ್ತೇವೆ. ಹೀಗೆ ಸಾಕ್ಷಿಯ ಬಾಯಿ ಮುಚ್ಚಿಸಿದ್ದಾಯಿತು, ನೀರು ಮಾತ್ರ ಹಾಗೆಯೇ ಉಳಿಯಿತು.

ನಮ್ಮ ಸಮಾಜ ವಾಸನೆಯನ್ನು ಮನುಷ್ಯರ ಮೇಲೆ ಹೊರಿಸುವ ರೀತಿಯೂ ಇದೇ ಅಲ್ಲವೇ? ಮೀನಿನ ಬುಟ್ಟಿಯ ಹೆಂಗಸು ಬಸ್ಸು ಹತ್ತಿದರೆ ದೂರ ಸರಿಯುವವರೇ ಮಧ್ಯಾಹ್ನ ಬಂಗುಡೆ ಸಾರಿಗೆ ಕಾದು ಕೂರುತ್ತಾರೆ. ಬಾಡಿಗೆ ಮನೆ ಕೇಳಲು ಬಂದವನ ಹೆಸರು ಕೇಳಿದ ಮೇಲೆ "ನಿಮ್ಮ ಅಡುಗೆಯ ವಾಸನೆ ನಮಗೆ ಆಗುವುದಿಲ್ಲ" ಎನ್ನುವವರು ಮಾತಾಡುತ್ತಿರುವುದು ಅಡುಗೆಯ ಬಗ್ಗೆ ಅಲ್ಲ. ಚರಂಡಿಗೆ ಇಳಿದವನ ಮೈ ನಾರುತ್ತದೆ. ಆ ಚರಂಡಿಯನ್ನು ತುಂಬಿಸಿದ ನಮ್ಮ ಮೈಗೆ ಸಾಬೂನಿನ ಪರಿಮಳ.

2022ರ ಏಪ್ರಿಲ್ 17ರಂದು ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಕಾರ್ಮಿಕ ಕುಸಿದ. ಅವನನ್ನು ಎತ್ತಲು ಹೋದವರೂ ವಿಷಾನಿಲಕ್ಕೆ ಸಿಕ್ಕಿಬಿದ್ದರು. ದುಡಿಯಲೆಂದು ಪಶ್ಚಿಮ ಬಂಗಾಳದಿಂದ ಬಂದಿದ್ದ ಐವರು ಸತ್ತರು. ಮುಚ್ಚಿದ ತೊಟ್ಟಿಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್‌ನ ಕ್ರೌರ್ಯವನ್ನು ಬಲ್ಲವರು ಹೇಳುತ್ತಾರೆ: ಕಡಿಮೆ ಇರುವಾಗ ಅದು ನಾರುತ್ತದೆ, ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 100 ಭಾಗವಾದಾಗ ಮೂಗಿನ ಶಕ್ತಿಯನ್ನೇ ಕಳೆಯುತ್ತದೆ. ಒಳಗಿರುವವನಿಗೆ ವಾಸನೆ ಹೋಯಿತು ಎನಿಸಿದಾಗಲೇ ಅಪಾಯ ಹೆಚ್ಚಿರುತ್ತದೆ. ಹಾಗಿರುವಾಗ 'ಅವರೇ ಎಚ್ಚರವಾಗಿರಬೇಕಿತ್ತು' ಎನ್ನುವುದು ನ್ಯಾಯವೇ? ಎಚ್ಚರವಾಗಿರಬೇಕಾದವರು ಹೊರಗೆ ನಿಂತವರು.

ಎಲ್ಲ ವಾಸನೆಯೂ ಯಜಮಾನನ ತಪ್ಪೇ ಎಂದು ನೀವು ಕೇಳಬಹುದು. ಅಲ್ಲ. ಕರೆಂಟು ಹೋಗಿ ಪಂಪು ನಿಲ್ಲಬಹುದು. ಹೊಸ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ವಾರಗಳೇ ಬೇಕು. ಆದರೆ ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಯಾರದ್ದೇ ಆಗಿರಲಿ, ಗಾಜಿನ ಆಚೆ ದಾಟಲಾಗದ ಜೀವಕ್ಕೆ ನೀರು ಬದಲಿಸಿಕೊಳ್ಳುವ ಶಕ್ತಿಯಿಲ್ಲ. ಅದು ಇರುವುದು ನಮ್ಮ ಕೈಯಲ್ಲಿ. ಹೊಣೆ ಅಲ್ಲಿಂದಲೇ ಹುಟ್ಟುತ್ತದೆ. ಉರ್ದುವಿನಲ್ಲಿ ಇದಕ್ಕೆ 'ಅಮಾನತ್' ಎನ್ನುತ್ತಾರೆ, ನಂಬಿ ನಮ್ಮ ಕೈಗೆ ಒಪ್ಪಿಸಿದ್ದು ಎಂದರ್ಥ. ಅದೇ ಪದ ಕನ್ನಡಕ್ಕೆ ಬಂದು, ನೌಕರನನ್ನು ಕೆಲಸದಿಂದ ದೂರವಿಡುವ 'ಅಮಾನತು' ಆಗಿದೆ.

ದಾರಿಹೋಕರಿಗೆ ಅಪ್ಪಣ್ಣ ಎಂಬವರು ನೀರು ಕೊಡುತ್ತಿದ್ದ ಕಟ್ಟೆಯೇ ಹಂಪನಕಟ್ಟೆಯಾಯಿತು ಎಂದು ಊರಿನವರು ಹೇಳುತ್ತಾರೆ. 2021ರಲ್ಲಿ ರಸ್ತೆ ಕಾಮಗಾರಿಯ ವೇಳೆ ಅಲ್ಲಿ ಹಳೆಯ ಬಾವಿಯೊಂದು ಬೆಳಕಿಗೆ ಬಂತು. ಕಥೆ ನಿಜವೋ ಅಲ್ಲವೋ, ಅದರೊಳಗಿನ ನೀತಿ ಸರಳವಾದದ್ದು: ನೀರು ಕೊಟ್ಟವನೇ ನೀರಿಗೆ ಹೊಣೆ. ಕುಡಿದವನು ಅಲ್ಲ, ಅದರಲ್ಲಿ ಬದುಕುವವನಂತೂ ಅಲ್ಲ. ಮುಂದಿನ ಸಲ ನೆಂಟರು ಮುಖ ಕಿವುಚಿದರೆ ಊದುಬತ್ತಿ ಹುಡುಕಬೇಡಿ. ಎಂಥ ವಾಸನೆ ಎಂದು ಅವರನ್ನೇ ಕೇಳಿ.